ಕಾಕಾ ಕಲಿತ ಇಂಗ್ಲಿಷ್

ಮುಂಬೈಯಲ್ಲಿ ನಮ್ಮ ಘಾಟ್ಕೋಪರ್ ಬಿಲ್ಡಿಂಗಿಗೆ ಬಣ್ಣ ಹೊಡೆಯುತ್ತಿದ್ದಾರೆ. ಟರ್ಪೆಂಟೈನ್ ವಾಸನೆ ಬಂದ ಕೂಡಲೇ, ಎಂದಿನಂತೆ, ನನಗೆ ಉಬ್ಬಸದ ಚಿಂತೆ ಹತ್ತಿತು. ಆಮೇಲೆ ಕಾಕಾ ನೆನಪಾದರು...

ಎಪ್ಪತ್ತರ ದಶಕದಲ್ಲಿ, ಸಯನ್ನಿನ ಚಾಳಿನಲ್ಲಿ, ಪಕ್ಕದ ಖೋಲಿಯವರು. ಬಿಜಾಪುರದ ಕಡೆಯ ಪೇಂಟರ್. ಬಿದಿರು ಕಟ್ಟಿದ ಅಟ್ಟ ಹತ್ತಿ ಹತ್ತಿ ಮೊಣಕಾಲು ಸೋತಿದ್ದವು. ದುಬೈಯಲ್ಲಿ ಬೋರ್ಡು ಬರೆಯುವ ಕೆಲಸವಿದೆ, ನೆಲದ ಮೇಲೆ ನಿಂತೇ ಮಾಡಬಹುದು ಎಂದು ಯಾರೋ ಆಸೆ ಹಚ್ಚಿದ್ದರು. ಕಾಕಾ ಊರಿಂದ ಇಂಗ್ಲಿಷ್ ಕಲಿಸುವ ಪುಸ್ತಕ ತರಿಸಿದರು.

ಬರೆದವನಿಗೂ ಇಂಗ್ಲಿಷಿಗೂ ಹಳೇ ದ್ವೇಷವಿರಬೇಕು. ‘ನಿಮ್ಮನ್ನು ನೋಡಿ ಹೊಟ್ಟೆ ತುಂಬಿತು’ ಎನ್ನುವುದಕ್ಕೆ ‘ಸೀಯಿಂಗ್ ಯು ಮೈ ಸ್ಟಮಕ್ ಈಸ್ ಫುಲ್’. ‘ನಿಮ್ಮ ಕಾಲು ಹಿಡಿಯುತ್ತೇನೆ’ಗೆ ‘ಐ ಕ್ಯಾಚ್ ಯುವರ್ ಲೆಗ್’.

ಚಾಳಿನಲ್ಲಿ ಇಂಗ್ಲಿಷ್ ಸರಿಯಾಗಿ ಬಲ್ಲವನು ನಾನೊಬ್ಬನೇ. ಟೈಪಿಸ್ಟ್ ಎಂಬ ಜಂಬ ಬೇರೆ.

“ತಮ್ಮಾ, ಇದು ಬರೋಬ್ಬರಿ ಐತೇನು?”

“ಫಸ್ಟ್ ಕ್ಲಾಸ್ ಐತ್ರಿ ಕಾಕಾ. ಜೋರಾಗಿ ಹೇಳ್ರಿ.”

ಸಂಜೆ ನಳದ ಸಾಲಿನಲ್ಲಿ ಕಾಕಾ ಪಾಠ ಒಪ್ಪಿಸುತ್ತಿದ್ದರು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಶಾಬಾಸ್ ಅಂತಿದ್ದಾರೆ ಎಂದುಕೊಂಡು ಅವರೂ ನಗುತ್ತಿದ್ದರು. ಅವರ ಹೆಂಡತಿ ಕಾಕು ಮಾತ್ರ ಕೊಡ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

ಇಂಟರ್‌ವ್ಯೂದ ಹಿಂದಿನ ದಿನ ಕಾಕಾ ಹೆದರಿ ಬಂದರು. “ಹಿಂದಿಯೊಳಗ ಕೇಳಿದ್ರ?”

“ಏನರ ಕೇಳಲಿ ಕಾಕಾ, ನೀವು ಇಂಗ್ಲಿಷ್ ಬಿಡಬ್ಯಾಡ್ರಿ. ಹಿಂದಿ ಅಂದ್ರ ಕೂಲಿಯವ ಅಂತಾರ.”

ಯಾಕೆ ಹಾಗೆ ಹೇಳಿದೆನೋ... ಇಲ್ಲ, ಗೊತ್ತು. ಮೂರನೇ ಇಯತ್ತೆಯಷ್ಟೇ ಕಲಿತ ಕಾಕಾ ವಿಮಾನ ಹತ್ತಿದರೆ ಮೆಟ್ರಿಕ್ ಪಾಸಾದ ನನ್ನ ಗತಿಯೇನು ಎಂಬ ಚಿಂತೆ.

ಬೋರ್ಡು ಬರೆಯಲು ಬರುತ್ತದಾ ಎಂದು ದುಬೈಗೆ ಜನ ಕಳಿಸುವ ಏಜೆಂಟ್ ಹಿಂದಿಯಲ್ಲೇ ಕೇಳಿದನಂತೆ. ಕಾಕಾ ‘ಐ ಕ್ಯಾಚ್ ಯುವರ್ ಲೆಗ್’ ಎಂದರಂತೆ. ಅವನು ಆಫೀಸಿನವರನ್ನೆಲ್ಲ ಕರೆದು, ಮೂರು ಸಲ ಹೇಳಿಸಿ, ಹೊರಗೆ ಕಳಿಸಿದ.

“ನೀ ಮನಸ್ಸಿಗೆ ಹಚ್ಚಿಕೋಬ್ಯಾಡ ತಮ್ಮಾ. ಅವರಿಗೇ ಇಂಗ್ಲಿಷ್ ತಿಳಿಯೂದಿಲ್ಲ,” ಅಂದರು ಕಾಕಾ. ನನಗೇ ಸಮಾಧಾನ!

ಮರುವರ್ಷ ವಿಲೆ ಪಾರ್ಲೆಯಲ್ಲಿ, ನಾಲ್ಕನೇ ಮಾಳಿಗೆಯ ಅಟ್ಟದಿಂದ ಬಿದ್ದರು. ಹೆಣದ ದಾರಿ ಕಾಯುತ್ತ ಚಾಳಿನ ಮೆಟ್ಟಿಲ ಮೇಲೆ ಕೂತಿದ್ದೆವು. ಯಾರೋ ಮೆಲ್ಲಗೆ “ಐ ಕ್ಯಾಚ್ ಯುವರ್ ಲೆಗ್” ಅಂದರು. ನಕ್ಕೆವು. ನಾನು ತುಸು ಜೋರಾಗಿಯೇ... ಒಳಗೆ ಅಳುತ್ತಿದ್ದ ಕಾಕು ತಟ್ಟನೆ ಸುಮ್ಮನಾದರು.

ಈಗ ಕಿಟಕಿಯಾಚೆ ಜೋತಾಡುತ್ತಿದ್ದ ಪೇಂಟರ್ ನೀರು ಕೇಳಿದ. ಕೊಟ್ಟೆ. “ಹಗ್ಗ ಗಟ್ಟಿ ಇದೆಯೇನಪ್ಪಾ?” ಎಂದು ಹಿಂದಿಯಲ್ಲಿ ಎರಡೆರಡು ಸಲ ಕೇಳಿದೆ. ಕಾಕಾಗೆ ಒಮ್ಮೆಯೂ ಕೇಳದ ಮಾತು.

ಅವನು ಮೇಲೆ ಹಗ್ಗ ಹಿಡಿದಿದ್ದವನಿಗೆ ನನ್ನನ್ನು ತೋರಿಸಿ ನಕ್ಕ. ನಗಲಿ.