ನಶೀಬ ಅಲ್ಲ, ಕೃಪಾ

ನಮ್ಮ ಕುರಿಗೆ ಆಗಷ್ಟೇ ಹುಟ್ಟಿದ ಎರಡು ಮರಿಗಳನ್ನು ಅವ್ವ ಹರಕು ಕಂಬಳಿಯಿಂದ ಒರೆಸುತ್ತಿದ್ದಳು. ಊರಿನ ಪಾಟೀಲರು ಹಟ್ಟಿಯ ಮುಂದೆ ನಿಂತು, "ನಿನ್ನ ನಶೀಬ ಭಾಳ ಚಲೋ ಐತಿ ಬಿಡು" ಎಂದರು.

ಹಿಂದಿನ ವಾರ ಅವರ ಕುರಿಯೂ ಅವಳಿ ಮರಿ ಹಾಕಿದಾಗ, ದೇವರ ಕೃಪಾ ಎಂದು ಓಣಿಗೆಲ್ಲ ಬೆಲ್ಲ ಹಂಚಿದ್ದರು. ಜತ್ತ ಸಂಸ್ಥಾನದ ರಾಜರ ಆಳ್ವಿಕೆ ಹೋಗಿ ನಾಲ್ಕು ವರ್ಷವಾಗಿದ್ದರೂ ಪಾಟೀಲರಿಗೆ ಎದುರು ಮಾತಾಡುವವರು ನಮ್ಮಲ್ಲಿ ಇರಲಿಲ್ಲ.

ಅವ್ವ ತಲೆ ಎತ್ತಿದಳು. "ನಿಮ್ಮ ಕುರಿಗಾದ್ರ ಕೃಪಾ, ನಮ್ಮ ಕುರಿಗಾದ್ರ ನಶೀಬ ಏನ್ರಿ? ದೇವರಿಗೆ ನಮ್ಮ ಹಟ್ಟಿ ದಾರಿ ಗೊತ್ತಿಲ್ಲೇನ್ರಿ?"

ಆಮೇಲೆ ಒಳಗಿನಿಂದ ಬೆಲ್ಲ ತಂದು, ಮೊದಲ ಚೂರನ್ನು ಅವರ ಕೈಗೇ ಇಟ್ಟಳು. ಪಾಟೀಲರು ಅಲ್ಲೇ ನಿಂತು ತಿಂದರು.

ಈಗಲೂ ಯಾರಾದರೂ ನನ್ನ ನಶೀಬ ಹೊಗಳಿದರೆ ನಾನು ಸುಮ್ಮನಿರುವುದಿಲ್ಲ. ಮೊದಲು ಬೆಲ್ಲ ಕೊಡುತ್ತೇನೆ, ಆಮೇಲೆ ಅವರ ಮಾತು ತಿದ್ದುತ್ತೇನೆ.