ಮುಗಿಲು ನೋಡುವ ಕೋಲು

ನನ್ನ ಸೋದರಮಾವ ಪುಣೆಯ ಗಾಲ್ಫ್ ಮೈದಾನದಲ್ಲಿ ಇಪ್ಪತ್ತು ವರ್ಷ ಸಾಹೇಬರ ಚೀಲ ಹೊತ್ತು ಗೊಬ್ಬೂರಿಗೆ ಮರಳಿದವನು. ಜೊತೆಗೆ ತಂದದ್ದು ಚೆಂಡು ಹೊಡೆಯುವ ಒಂದು ಗಾಲ್ಫ್ ಕೋಲು, ಮತ್ತು ಯಾರೂ ನಂಬದ ಬಡಾಯಿ. "ಸಾಹೇಬರಿಗೇ ನಾ ಆಟ ಕಲಿಸೇನಿ" ಎಂದರೆ ಕಟ್ಟೆಯ ಮೇಲಿನವರು ಕಿಸಿಯುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಕಿಸಿಯುತ್ತಿದ್ದವನು ನಾನು. ಯಾಕೆಂದರೆ ನಾವು ಹೆಣ್ಣು ಕೇಳಿದಾಗ ಹತ್ತು ಜನರೆದುರು ಅವನು, "ಇದ್ದಲಿ ಊದೋ ಮನಿಗೆ ನನ್ನ ಮಗಳನ್ನ ಕೊಡಂಗಿಲ್ಲ" ಎಂದಿದ್ದ. ತನ್ನ ಅಕ್ಕನನ್ನು, ಅಂದರೆ ನನ್ನವ್ವನನ್ನು, ಅದೇ ಮನೆಗೆ ಕೊಟ್ಟದ್ದು ಮರೆತಿದ್ದ.

ಹೋದ ವರ್ಷ ಅದೇ ಮಾವ ನನ್ನ ಕುಲುಮೆಗೆ ಬಂದ. ಕೋಲಿನ ತಲೆ ಸಡಿಲಾಗಿತ್ತು.

"ಬಿಗಿ ಮಾಡಿ ಕೊಡೋ ಅಳಿಯ. ನಾಡಿದ್ದು ಸಾಲಿ ಬಯಲಾಗ ಬೇವಿನ ಗಿಡದ ಮ್ಯಾಲಿಂದ ಚೆಂಡು ದಾಟಿಸಿ ತೋರಸ್ತೇನಿ. ಹುಡುಗರಿಗೆ ಆಟ ಕಲಸಾಕ ಇಟ್ಕೋತೇವಿ ಅಂತ ಹೆಡ್‌ಮಾಸ್ತರ್ ಅಂದಾರ. ನಗೋರ ಬಾಯಿ ಮುಚ್ಚತದ."

ಆ ಕೋಲು ನನ್ನ ತಲೆ ತಿಂದಿತು. ಹೆಸರು ವುಡ್ ಅಂತೆ, ಹುಡುಕಿದರೂ ಕಟ್ಟಿಗೆಯಿಲ್ಲ. ಉಬ್ಬಿದ ಕಬ್ಬಿಣದ ತಲೆ, ಒಳಗೆ ಪೊಳ್ಳು, ತಳ ಮಾತ್ರ ಭಾರ. ಹೊಡೆಯುವ ಮುಖ ಹಿಂದಕ್ಕೆ ವಾಲಿ ಮುಗಿಲು ನೋಡುತ್ತಿತ್ತು. ಇಂಥ ಸುತ್ತಿಗೆ ಮಾಡಿದ್ದರೆ ನನ್ನಪ್ಪ ಅದರಲ್ಲೇ ನನಗೆ ಬಾರಿಸುತ್ತಿದ್ದ. ತಲೆ ಬಿಗಿ ಮಾಡಿ, ಹಿತ್ತಲಲ್ಲಿ ಚೆಂಡಿಟ್ಟು ಹೊಡೆದೆ. ಹತ್ತಾರು ಏಟು ಹುಸಿ ಹೋದವು. ಒಂದು ಕೂತಿತು, ಚೆಂಡು ಕುಲುಮೆಯ ತಗಡಿನ ಮಾಡಿನ ಮೇಲಿಂದ ಹಾರಿಹೋಯಿತು. ಆಗ ಹೊಳೆಯಿತು. ತಳದ ಭಾರ ಚೆಂಡಿನ ಅಡಿಗೆ ನುಗ್ಗುತ್ತದೆ, ವಾಲಿದ ಮುಖ ಸಲಿಕೆಯ ಹಾಗೆ ಎತ್ತಿ ಒಗೆಯುತ್ತದೆ. ಹೆಚ್ಚು ಕಸುವು ಬೇಡ, ಮುದುಕನೂ ಹಾರಿಸಬಹುದು. ಮಾಡಿದವನ ಬುದ್ಧಿಗೆ ಕೈ ಮುಗಿದೆ. ಆಮೇಲೆ ಅದರ ಕುತ್ತಿಗೆಯನ್ನು ವೈಸಿನ ಕಬ್ಬಿಣದ ಹಿಡಿತಕ್ಕೆ ಸಿಕ್ಕಿಸಿ, ಮುಖ ನೆಟ್ಟಗಾಗುವಷ್ಟು ಬಗ್ಗಿಸಿದೆ.

ಬಯಲಿನಲ್ಲಿ ಜನ ಸೇರಿದ ಮೇಲೆಯೇ ಕೋಲು ಕೊಟ್ಟೆ, ನೋಡಲು ಪುರುಸೊತ್ತು ಇರಬಾರದೆಂದು. ಮೊದಲ ಏಟಿಗೆ ಚೆಂಡು ಇಲಿಯಂತೆ ನೆಲ ಹಿಡಿದು ಓಡಿತು. ಎರಡನೆಯದೂ ಹಾಗೇ, ಐದನೆಯದೂ ಹಾಗೇ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹೆಡ್‌ಮಾಸ್ತರು ಗಂಟೆ ಹೊಡೆಸಿ ಅವರನ್ನು ಒಳಗೆ ಕರೆದರು.

ಮಾವ ಕೋಲಿನ ಮುಖವನ್ನು ಕಣ್ಣಿನ ಹತ್ತಿರ ಹಿಡಿದು ನನ್ನ ಕಡೆ ತಿರುಗಿದ.

"ಊರಾಗ ಇದು ತಿಳಿಯೋದು ನಿನಗೊಬ್ಬನಿಗೇ. ಕೋಲಿನ ಮಾರಿ ಮೊದಲಿನಂಗ ಅದ ಏನೋ?"

"ಹಂಗೇ ಅದ್ರಿ ಮಾವ. ನಿಮ್ಮ ಕೈ ಹೋಗ್ಯಾವ."

ನನ್ನ ಹೊಟ್ಟೆ ತಣ್ಣಗಾಯಿತು. ಈಗಲೂ ತಣ್ಣಗಿದೆ. ಅಂದಿನಿಂದ ಮಾವ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ, ಬಿದ್ದೀತೆಂದು.