ಕೊನೆಯ ಮಗು ದಾಟುವ ತನಕ

ಅವರ ಬಲಗೈ ಮಣಿಕಟ್ಟಿನಲ್ಲಿ ಯಾವಾಗಲೂ ಒಂದು ಕೆಂಪು ರಬ್ಬರ್ ಬ್ಯಾಂಡ್ ಇರುತ್ತಿತ್ತು. ಪೋಸ್ಟ್‌ಮ್ಯಾನ್ ಕಾಗದದ ಕಟ್ಟಿನಿಂದ ಬಿಚ್ಚಿ ನಮ್ಮ ಮನೆಗಳ ಮುಂದೆ ಬೀಳಿಸಿ ಹೋಗುತ್ತಾನಲ್ಲ, ಅಂಥದ್ದು. ಹಳದಿ ರೇನ್‌ಕೋಟಿನ ತೋಳಿನ ತುದಿಯನ್ನು ಅದರಿಂದ ಬಿಗಿದುಕೊಳ್ಳುತ್ತಿದ್ದರು. ದಿನವೂ ಕೈ ಎತ್ತಿ ನಿಲ್ಲುವ ಕೆಲಸ. ಎತ್ತಿದ ಕೈಯ ಮೇಲೆ ಬಿದ್ದ ಈ ಊರಿನ ಮಳೆ ತೋಳಿನೊಳಗೇ ಇಳಿದು ಕಂಕುಳ ತನಕ ಹೋಗುತ್ತದೆ. "ಇದಿಲ್ಲದಿದ್ದರೆ ನಾನು ಯಾವತ್ತೋ ಬಾತುಕೋಳಿ ಆಗಿರ್ತಿದ್ದೆ," ಎನ್ನುತ್ತಿದ್ದರು.

ಐರ್ಲೆಂಡಿನ ಡಬ್ಲಿನ್ ಹೊರವಲಯದ ಟಾಲಾದಲ್ಲಿ ನಮ್ಮ ಬಡಾವಣೆಯ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವುದು ಅವರ ಕೆಲಸ. ಉದ್ದನೆಯ ಕೋಲು, ಅದರ ತುದಿಯಲ್ಲಿ ಊಟದ ತಟ್ಟೆಯಂಥ ದುಂಡು ಫಲಕ, ಅದರ ಮೇಲೆ ‘ನಿಲ್ಲಿ’ ಎಂಬ ಬರಹ. ಇಲ್ಲಿಯವರು ಲಾಲಿಪಾಪ್ ಲೇಡಿ ಎನ್ನುತ್ತಾರೆ. ನಾನು ಮನೆಯಲ್ಲಿ ಕೋಲಜ್ಜಿ ಎನ್ನುತ್ತಿದ್ದೆ. ಅವರು ನನ್ನನ್ನು ‘ತಾತಾ’ ಎಂದು ಕರೆಯುತ್ತಿದ್ದರು. ಮೊಮ್ಮಗಳು ಹಾಗೆ ಕರೆಯುವುದನ್ನು ಕೇಳಿ ಅದೇ ನನ್ನ ಹೆಸರೆಂದುಕೊಂಡಿದ್ದರು. ನನಗಿಂತ ಹಿರಿಯರು ನನ್ನನ್ನು ತಾತಾ ಎನ್ನುವುದು ಮೊಮ್ಮಗಳಿಗೆ ದಿನವೂ ಹೊಸ ತಮಾಷೆ. ನಾನೂ ತಿದ್ದಲಿಲ್ಲ.

ಅವರಿಗೊಂದು ನಿಯಮವಿತ್ತು. ಕೊನೆಯ ಮಗು ಆಚೆಯ ಫುಟ್‌ಪಾತ್ ಹತ್ತುವ ತನಕ ಕೋಲು ಇಳಿಯುತ್ತಿರಲಿಲ್ಲ. ಯಾರಾದರೂ ಕಾರಿನಲ್ಲಿ ಕುಳಿತು ಹಾರ್ನ್ ಒತ್ತಿದರೆ ಕೋಲನ್ನು ಇನ್ನೊಂದು ಗೇಣು ಮೇಲೆತ್ತುತ್ತಿದ್ದರು. ಒಮ್ಮೆ ನನ್ನ ಮೊಮ್ಮಗಳು ಓಡಿ ದಾಟಿ, ಹಿಂದೆ ಉಳಿದ ಗೆಳತಿಗೆ "ಬೇಗ ಬಾ, ಇಲ್ಲಾಂದ್ರೆ ಬಿಟ್ಟು ಹೋಗ್ತೀವಿ" ಎಂದು ಕೂಗಿದಳು. ಕೋಲಜ್ಜಿ ತಿರುಗಿ ನೋಡಿ, "ನೀನು ದಾಟಿಯಾಯ್ತು ಅಂತ ರಸ್ತೆ ಮುಗೀಲಿಲ್ಲ, ಪುಟ್ಟಾ," ಎಂದರು. ಮಗುವಿಗೆ ಹೇಳಿದ ಮಾತೆಂದು ನಾನು ನಗುತ್ತಾ ನಿಂತಿದ್ದೆ.

ನನ್ನ ಬಗ್ಗೆಯೂ ಸ್ವಲ್ಪ ಹೇಳಬೇಕು. ನಾನು ಕುಂದಾಪುರದ ಕಡೆಯವನು. ಹೈಸ್ಕೂಲು ಮುಗಿಸಿ ಹೋಟೆಲ್ ಕೆಲಸಕ್ಕೆ ಸೇರಿದೆ. ಲೋಟ ತೊಳೆಯುವುದರಿಂದ ಶುರು ಮಾಡಿ ಅಡುಗೆ ಕಲಿತೆ. ಡಬ್ಲಿನ್ನಿನ ಒಂದು ಇಂಡಿಯನ್ ರೆಸ್ಟೋರೆಂಟಿನವರು ವರ್ಕ್ ಪರ್ಮಿಟ್ ಮಾಡಿಸಿ ಕರೆಸಿಕೊಂಡರು. ಹೆಂಡತಿ, ಮಗಳು ಆಮೇಲೆ ಬಂದರು. ಹೆಂಡತಿ ಈಗಿಲ್ಲ. ಮಗಳು ನರ್ಸ್. ನನ್ನ ಕೆಲಸವೆಂದರೆ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಕರೆತರುವುದು.

ನಮ್ಮ ರಸ್ತೆಯ ಕೊನೆಯಲ್ಲಿ ಮುಚ್ಚಿಹೋದ ವಸತಿ ಹೋಟೆಲೊಂದಿತ್ತು. ಅಲ್ಲಿಗೆ ನಿರಾಶ್ರಿತರನ್ನು ತಂದಿಡುತ್ತಾರೆಂದು ಸುದ್ದಿ ಹಬ್ಬಿತು. ಕಮ್ಯುನಿಟಿ ಹಾಲಿನಲ್ಲಿ ಸಭೆ ಸೇರಿತು. ಸಭೆ ಕರೆದವನು ನಮ್ಮ ಸಾಲಿನ ಪ್ಲಂಬರ್. ಕೆಟ್ಟ ಮನುಷ್ಯನಲ್ಲ, ನಮ್ಮ ಬಾಯ್ಲರ್ ಕೆಟ್ಟಾಗ ಭಾನುವಾರವೇ ಬಂದು ಸರಿ ಮಾಡಿಕೊಟ್ಟಿದ್ದ. ಮದುವೆಯಾದ ಮಗಳಿಗೆ ಬಾಡಿಗೆ ಮನೆ ಸಿಗದೆ, ಗಂಡ ಮಗು ಸಮೇತ ಅವನದೇ ಮನೆಯ ಚಿಕ್ಕ ಕೋಣೆಯಲ್ಲಿದ್ದಳು. ಅವನ ಸಿಟ್ಟಿಗೆ ಕಾರಣವಿತ್ತು.

ನನಗೇನು ಕಾರಣವಿತ್ತು? ನಾನು ಎದ್ದು ನಿಂತೆ. "ನಾವು ಪರ್ಮಿಟ್ ತಗೊಂಡು ಬಂದವರು. ಟ್ಯಾಕ್ಸ್ ಕಟ್ಟಿದವರು. ಒಂದು ದಿನವೂ ಕಾನೂನು ಮೀರಿದವರಲ್ಲ. ಈ ಜನ ಹಿಂದಿನ ಬಾಗಿಲಿಂದ ಬರೋರು. ಇವರಿಗೆ ಬಾಗಿಲು ತೆಗೆದರೆ ಸರಿಯಾಗಿ ಬಂದ ನಮಗೆ ಅವಮಾನ," ಎಂದೆ. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಪ್ಲಂಬರ್ ಬಂದು ಹೆಗಲ ಮೇಲೆ ಕೈ ಹಾಕಿ, "ನೀನು ನಮ್ಮವನು," ಎಂದ. ಈ ದೇಶದಲ್ಲಿ ಇಷ್ಟು ವರ್ಷ ಅಡುಗೆಮನೆಯ ಹಿಂದೆಯೇ ಇದ್ದವನಿಗೆ ಆ ಒಂದು ಮಾತು ತಲೆಗೇರಿಬಿಟ್ಟಿತು. ಯಾರೋ ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. ಮರುದಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೂ ಅದು ಬಂತು. "ಸೂಪರ್ ಅಂಕಲ್, ಸರಿಯಾಗಿ ಹೇಳಿದ್ರಿ" ಎಂದು ಹಲವರು ಬರೆದರು. ಪಕ್ಕದ ಸಿಟಿವೆಸ್ಟ್ ಬಡಾವಣೆಯ ಒಬ್ಬ ಹುಡುಗ ಮಾತ್ರ, "ನಾಳೆ ನಮ್ಮ ಸರದಿ ಬರುತ್ತೆ, ನೋಡ್ತಾ ಇರಿ" ಎಂದು ಬರೆದ. ನಾನು ಅದನ್ನು ಓದಿ ಮುಂದೆ ಸರಿಸಿದೆ.

ಕೋಲಜ್ಜಿಯೂ ಸಭೆಗೆ ಬಂದಿದ್ದರು. ಹಿಂದಿನ ಸಾಲಿನಲ್ಲಿದ್ದರು. ಚಪ್ಪಾಳೆ ತಟ್ಟಲಿಲ್ಲ. ಮರುದಿನ ಎಂದಿನಂತೆ "ಗುಡ್ ಮಾರ್ನಿಂಗ್ ತಾತಾ" ಎಂದು ದಾಟಿಸಿದರು.

ಹೋಟೆಲಿಗೆ ಜನ ಬಂದರು. ಸೂಡಾನಿನವರು, ಅಫ್ಘಾನಿಸ್ತಾನದವರು, ಬಹಳ ಮಂದಿ ತಾಯಂದಿರು. ಅವರ ಮಕ್ಕಳನ್ನು ಅದೇ ಶಾಲೆಗೆ ಸೇರಿಸಿದರು. ಸೂಡಾನಿನ ಒಬ್ಬ ಹುಡುಗಿ ನನ್ನ ಮೊಮ್ಮಗಳ ಪಕ್ಕದಲ್ಲೇ ಕೂರುತ್ತಿದ್ದಳು. ಹೋಟೆಲಿನ ಗೇಟಿನ ಮುಂದೆ ಬೆಳಗ್ಗೆ ಬೆಳಗ್ಗೆ ಧ್ವಜ, ಫಲಕ ಹಿಡಿದ ಗುಂಪು ನಿಲ್ಲತೊಡಗಿತು. ನಮ್ಮವರು ಕೆಲವರು, ಎಲ್ಲೆಲ್ಲಿಂದಲೋ ಬಂದವರು ಹಲವರು. ಕೆಲವೇ ದಿನಗಳಲ್ಲಿ ಹೋಟೆಲಿನ ಮಕ್ಕಳು ಶಾಲೆಗೆ ಬರುವುದು ನಿಂತಿತು. ತಾಯಂದಿರಿಗೆ ಆ ಗುಂಪು ದಾಟಿ ಹೊರಬರುವ ಧೈರ್ಯವಾಗಲಿಲ್ಲ.

ಒಂದು ಬೆಳಗ್ಗೆ ಮೊಮ್ಮಗಳ ಕೈ ಹಿಡಿದು ಆ ದಾರಿಯಲ್ಲಿ ಹೋಗುತ್ತಿದ್ದೆ. ಗೇಟಿನ ಹತ್ತಿರ ಧ್ವನಿವರ್ಧಕ ಇಟ್ಟಿದ್ದರು. ಅದರಿಂದ ಬರುತ್ತಿದ್ದ ಮಾತು ಎಲ್ಲೋ ಕೇಳಿದ್ದು ಅನ್ನಿಸಿತು. ಹಿಂದಿನ ಬಾಗಿಲು. ಅವಮಾನ. ಮೊಮ್ಮಗಳು ನಿಂತಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಐರಿಶ್ ರಾಗದ ಇಂಗ್ಲಿಷಿನಲ್ಲೇ. "ತಾತಾ, ಅದು ನಿನ್ನ ವಾಯ್ಸ್ ಅಲ್ವಾ?" ಎಂದು ಕೇಳಿದಳು.

"ಅಲ್ಲ ಮಗಾ. ನಡಿ," ಎಂದೆ.

ಅಷ್ಟರಲ್ಲಿ ಆ ಗುಂಪಿನಲ್ಲಿದ್ದ ಅಪರಿಚಿತನೊಬ್ಬ ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿ, "ನೀವೂ ಹೊರಡಿ ನಿಮ್ಮ ಊರಿಗೆ!" ಎಂದು ಕೂಗಿದ. ಧ್ವನಿವರ್ಧಕದಲ್ಲಿ ಸಭೆಯ ವಿಡಿಯೋದ ನನ್ನದೇ ಮಾತು ನಡೆಯುತ್ತಲೇ ಇತ್ತು. ಆ ಮಾತಾಡಿದವನು ನಾನೇ ಎಂಬುದು ಅವನಿಗೆ ತಿಳಿಯಲಿಲ್ಲ. ತಿಳಿದಿದ್ದರೂ ಏನೂ ವ್ಯತ್ಯಾಸವಾಗುತ್ತಿರಲಿಲ್ಲ.

ಆಗಲೇ ನಮ್ಮ ಹಿಂದಿನಿಂದ ಹಳದಿ ಕೋಟು ಬಂತು. ಕೋಲಜ್ಜಿ ತಮ್ಮ ಜಾಗ ಬಿಟ್ಟು ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಗೇಟಿನ ಮುಂದೆ ನಿಂತು ಕೋಲು ಎತ್ತಿದರು. "ಮಕ್ಕಳು ದಾಟ್ತಾ ಇದ್ದಾರೆ," ಎಂದರು.

ಗುಂಪಿನಲ್ಲಿ ನಗು ಎದ್ದಿತು. "ಇದು ರಸ್ತೆ ಅಲ್ಲಜ್ಜೀ, ಫುಟ್‌ಪಾತು. ನಿನ್ನ ಡ್ಯೂಟಿ ಅಲ್ಲಿ," ಎಂದ ಒಬ್ಬ.

"ನನಗೆ ದಾರಿ ತೋರಿಸ್ತೀಯೇನೋ? ಮೂಗು ಒರೆಸಿಕೊಳ್ಳೋಕೂ ಬರದೆ ಇದ್ದಾಗ ನಿನ್ನನ್ನ ನಾನೇ ದಾಟಿಸಿದ್ದು. ಮೂಗನ್ನ ನನ್ನ ಕೋಟಿಗೇ ಒರೆಸ್ತಿದ್ದೆ," ಎಂದರು. ಆಮೇಲೆ ಗುಂಪಿನಲ್ಲೇ ನಿಂತಿದ್ದ ಪ್ಲಂಬರನ ಕಡೆ ತಿರುಗಿದರು. "ನಿನ್ನನ್ನೂ. ಮೊದಲ ದಿನ ಶಾಲೆಗೆ ಹೋಗಲ್ಲ ಅಂತ ನಡುರಸ್ತೇಲಿ ಕೂತುಬಿಟ್ಟಿದ್ದೆ. ಹಿಂದೆ ಬಸ್ಸು ನಿಂತಿತ್ತು. ಆಗ ನಾನು ಕೋಲು ಇಳಿಸಿದ್ನಾ?"

ಪ್ಲಂಬರ್ ನೆಲ ನೋಡಿದ. "ಇಲ್ಲ," ಎಂದ.

"ಮತ್ತೆ ಅದನ್ನ ಆರಿಸು."

ಅವನು ಬಗ್ಗಿ ಧ್ವನಿವರ್ಧಕ ಆರಿಸಿದ. ಹೊರಗಿನಿಂದ ಬಂದ ಕೆಲವರು ಗೊಣಗಿದರು. ಗೇಟಿನೊಳಗೆ ಸೂಡಾನಿನ ಹುಡುಗಿಯ ತಾಯಿ ಮಗಳ ಕೈ ಹಿಡಿದು ನಿಂತಿದ್ದಳು. ಕೋಲಜ್ಜಿ ಇನ್ನೊಂದು ಕೈಯಿಂದ ಬಾ ಎಂದು ಕರೆದರು. ಮೊದಲು ಆ ಹುಡುಗಿ ಬಂದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರು. ನನ್ನ ಮೊಮ್ಮಗಳು ನನ್ನ ಕೈ ಬಿಡಿಸಿಕೊಂಡು ಓಡಿ ಆ ಸಾಲಿಗೆ ಸೇರಿದಳು. ನಾನು ನಿಂತಲ್ಲೇ ನಿಂತಿದ್ದೆ.

ಆ ಮಧ್ಯಾಹ್ನ ಶಾಲೆ ಬಿಡುವುದಕ್ಕೆ ಮುಂಚೆಯೇ ಹೋಗಿ ಅವರ ಪಕ್ಕ ನಿಂತೆ. "ನನ್ನಿಂದ ತಪ್ಪಾಯ್ತು. ಕ್ಷಮಿಸಿ," ಎಂದೆ.

ಅವರು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ನನಗೆ ಹೇಳಿ ಏನು ಬಂತು ತಾತಾ? ಎಲ್ಲಿ ಹೇಳಿದ್ರೋ ಅಲ್ಲಿ ಹೇಳಿ."

"ಅಲ್ಲಿ ಹೇಳಬೇಕಾದರೆ ಇನ್ನೊಂದು ವಿಷಯವನ್ನೂ ಹೇಳಬೇಕಾಗುತ್ತೆ."

"ಹಾಗಾದರೆ ಅದನ್ನೂ ಹೇಳಿ," ಎಂದು ಕೋಲೆತ್ತಿ ನಡುರಸ್ತೆಗೆ ಹೋದರು.

ಆ ಇನ್ನೊಂದು ವಿಷಯ ನನ್ನ ಮಗಳಿಗೂ ಗೊತ್ತಿರಲಿಲ್ಲ. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಮಾಲೀಕ ರೆಸ್ಟೋರೆಂಟ್ ಮುಚ್ಚಿ ಹೋಗಿದ್ದ. ಪರ್ಮಿಟ್ ಅವನ ಕೆಲಸಕ್ಕೆ ಮಾತ್ರ ಕೊಟ್ಟದ್ದು. ಇನ್ನೊಬ್ಬರು ಹೊಸ ಪರ್ಮಿಟ್ ಮಾಡಿಸಿಕೊಡುವ ತನಕ, ಒಂದಿಡೀ ಚಳಿಗಾಲ, ನಾನು ಕಾಗದಪತ್ರ ಇಲ್ಲದೆ ಬೇರೊಂದು ಅಡುಗೆಮನೆಯ ಹಿಂದೆ ಪಾತ್ರೆ ತೊಳೆದೆ. ಗಾರ್ಡಾ, ಅಂದರೆ ಇಲ್ಲಿಯ ಪೊಲೀಸರ ಕಾರು ಕಂಡರೆ ಕಸದ ಡಬ್ಬಗಳ ಹಿಂದೆ ಸರಿದು ನಿಲ್ಲುತ್ತಿದ್ದೆ. ಊರಿಗೆ ಫೋನ್ ಮಾಡಿದಾಗ "ಇಲ್ಲಿ ಎಲ್ಲ ಚೆನ್ನಾಗಿದೆ" ಎನ್ನುತ್ತಿದ್ದೆ. ಒಂದು ದಿನವೂ ಕಾನೂನು ಮೀರಿದವನಲ್ಲ ಎಂದು ಸಭೆಯಲ್ಲಿ ಎದೆ ತಟ್ಟಿಕೊಂಡವನು ನಾನೇ.

ಮನೆಯಲ್ಲಿ ಮೊದಲು ಮಗಳಿಗೆ ಹೇಳಿದೆ. "ಈಗ ಯಾಕಪ್ಪಾ ಇದೆಲ್ಲ? ಇಲ್ಲಿಯ ಪಾಸ್‌ಪೋರ್ಟ್ ಬಂದಾಗಿದೆ. ಮತ್ತೆ ಕೆದಕಿದರೆ ಏನಾಗುತ್ತೋ," ಎಂದಳು. ಆ ಭಯ ನನಗೂ ಇತ್ತು. ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಸುಳ್ಳು ಹೇಳಿದ್ದು ನೆನಪಾಯಿತು. "ಮಗಾ, ಆ ದಿನದ ವಾಯ್ಸ್ ನನ್ನದೇ," ಎಂದೆ. "ಐ ನೋ, ತಾತಾ," ಎಂದಳು.

ಮುಂದಿನ ಸಭೆಯಲ್ಲಿ ಅದೇ ಜಾಗದಲ್ಲಿ ಎದ್ದು ನಿಂತೆ. ನನ್ನ ಇಂಗ್ಲಿಷ್ ಅಡುಗೆಮನೆಯ ಇಂಗ್ಲಿಷ್. ಆ ದಿನ ಅದೂ ಸರಿಯಾಗಿ ಬರಲಿಲ್ಲ. ಆ ಚಳಿಗಾಲದ ವಿಷಯ ಹೇಳಿದೆ. "ನಾನು ಅವತ್ತು ಹೇಳಿದ್ದು ಸುಳ್ಳು. ನಮ್ಮ ಕಡೆ ಮದುವೆ ಊಟಕ್ಕೆ ಸಾಲುಸಾಲಾಗಿ ಕೂರಿಸ್ತೀವಿ. ಕೊನೆಯ ಪಂಕ್ತಿ ಏಳುವ ತನಕ ಬಡಿಸುವವನು ಸೌಟು ಕೆಳಗಿಡಬಾರದು ಅಂತ ನನಗೆ ಅಡುಗೆ ಕಲಿಸಿದವರು ಹೇಳಿಕೊಟ್ಟಿದ್ದರು. ನಾನು ಉಂಡು ಎದ್ದವನು, ಸೌಟು ಕೆಳಗಿಡಿ ಅಂದೆ," ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಲವರು ಎದ್ದುಹೋದರು. ಪ್ಲಂಬರ್ ನನ್ನನ್ನು ನೋಡಲೇ ಇಲ್ಲ. ಸಭೆ ಮುಗಿದ ಮೇಲೆ ಕೋಲಜ್ಜಿ ಬಾಗಿಲಲ್ಲಿ ಕಾಯುತ್ತಿದ್ದರು. "ಗ್ರ್ಯಾಂಡ್," ಎಂದರು. ಇಲ್ಲಿಯವರಿಗೆ ಚಹಾ ಚೆನ್ನಾಗಿದ್ದರೂ ಅದೇ ಮಾತು, ಜೀವ ಉಳಿದರೂ ಅದೇ ಮಾತು. ಆಮೇಲೆ ಜೇಬಿನಿಂದ ಒಂದು ಕೆಂಪು ರಬ್ಬರ್ ಬ್ಯಾಂಡ್ ತೆಗೆದು ನನ್ನ ಅಂಗೈಯಲ್ಲಿಟ್ಟರು. "ನಾಳೆಯಿಂದ ಹೋಟೆಲ್ ಗೇಟಿಗೆ ಬನ್ನಿ. ಮುಂದೆ ನಾನಿರ್ತೀನಿ. ಸಾಲಿನ ಹಿಂದೆ ಒಬ್ಬರು ಬೇಕು."

ಹೀಗೆ ನಾನು ಸಾಲಿನ ಕೊನೆಯವನಾದೆ. ಹಿಂದಿನಿಂದ ನಡೆಯುವವನಿಗೆ ಮಕ್ಕಳ ಬೆನ್ನುಚೀಲ, ಬಿಚ್ಚಿದ ಲೇಸು, ಒದ್ದೆ ಜಡೆ ಎಲ್ಲ ಕಾಣುತ್ತದೆ. ಆರಂಭದ ದಿನಗಳಲ್ಲಿ ಬೈಗುಳ ಬೀಳುತ್ತಿತ್ತು. ನಿಧಾನವಾಗಿ ಗೇಟಿನ ಗುಂಪು ಕರಗಿತು. ಸೂಡಾನಿನ ಹುಡುಗಿ ನನ್ನನ್ನು ತಾತಾ ಎನ್ನತೊಡಗಿದಳು. ಮನೆಯ ಹೊರಗೆ ಮೊದಲ ಸಲ ಸರಿಯಾದ ವಯಸ್ಸಿನವರು ಕರೆದಂತಾಯಿತು ಎಂದು ಕೋಲಜ್ಜಿಗೆ ಆ ಪದದ ಅರ್ಥ ಹೇಳಿದೆ. ಅವರು ಕೋಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇಷ್ಟು ವರ್ಷ ಯಾಕೆ ಬಾಯಿ ಮುಚ್ಚಿಕೊಂಡಿದ್ರಿ?" ಎಂದರು. ಕರೆಯುವುದನ್ನು ಮಾತ್ರ ಬಿಡಲಿಲ್ಲ.

ಹೋದ ಚಳಿಗಾಲದಲ್ಲಿ ಅವರಿಗೆ ಎದೆಯ ಕಾಯಿಲೆ ಹೆಚ್ಚಾಯಿತು. ನೋಡಲು ಹೋದಾಗ ಆಸ್ಪತ್ರೆಯ ಮಂಚದಲ್ಲಿ ಅವರ ಮಣಿಕಟ್ಟು ಬರಿದಾಗಿತ್ತು. "ನನ್ನ ಜಾಗದಲ್ಲಿ ಯಾರು?" ಎಂದು ಕೇಳಿದರು. ಹೊಸಬಳು ಬಂದಿದ್ದಾಳೆ, ಕೋಲು ಬೇಗ ಇಳಿಸುತ್ತಾಳೆ ಎಂದೆ. "ಕಲೀತಾಳೆ ಬಿಡಿ," ಎಂದರು. ನಾನು ಕೇಳಿದ ಅವರ ಕೊನೆಯ ಮಾತು ಅದೇ.

ಶವದ ಕಾರು ಶಾಲೆಯ ಮುಂದೆ ನಿಧಾನವಾಗಿ ಬಂತು. ಮಕ್ಕಳು ರಸ್ತೆಯ ಎರಡೂ ಬದಿ ಸಾಲಾಗಿ ನಿಂತಿದ್ದರು. ಬೇಕಾದವರನ್ನು ಹೀಗೆ ಕಳಿಸಿಕೊಡುವುದು ಇಲ್ಲಿಯ ಪದ್ಧತಿ. ಹೋಟೆಲಿನ ಮಕ್ಕಳೂ ಆ ಸಾಲಿನಲ್ಲೇ ಇದ್ದರು. ಹೊಸಬಳು ಕೋಲೆತ್ತಿ ಉಳಿದ ವಾಹನಗಳನ್ನು ನಿಲ್ಲಿಸಿದಳು. ಕಾರು ತಿರುವು ದಾಟಿ ಮರೆಯಾದ ಮೇಲೂ ಇಳಿಸಲಿಲ್ಲ.

ಮಣ್ಣು ಮಾಡಿ ಬಂದವರಿಗೆ ಕಮ್ಯುನಿಟಿ ಹಾಲಿನಲ್ಲಿ ಊಟ. ನಾನೇ ಕೇಳಿಕೊಂಡು ಅಡುಗೆ ವಹಿಸಿಕೊಂಡೆ. ನಮ್ಮ ಊರಿನಲ್ಲಾದರೆ ಸಾವಿನ ಮನೆಯಿಂದ ಬಂದು ಮಿಂದು ದೂರ ಕೂರುತ್ತಿದ್ದೆ. ಆ ದಿನ ದೊಡ್ಡ ಪಾತ್ರೆಯಲ್ಲಿ ಖಾರ ಕಡಿಮೆ ಮಾಡಿ ಬೇಳೆ ಸಾರು ಮಾಡಿದೆ. ಹೋಟೆಲಿನ ತಾಯಂದಿರು ಸ್ಯಾಂಡ್‌ವಿಚ್ ಮಾಡಿ ಜೋಡಿಸಿದರು. ಮಗಳು ರಜೆ ಹಾಕಿ ಬಂದು ನನ್ನ ಪಕ್ಕ ನಿಂತು ಬಟ್ಟಲು ಕೊಟ್ಟಳು. ಜನ ಬಂದರು, ಸೂಪ್ ಚೆನ್ನಾಗಿದೆ ಎಂದರು, ಇನ್ನಷ್ಟು ಹಾಕಿಸಿಕೊಂಡರು. ಸಾಲು ಮುಗಿಯಿತು. ಸೌಟು ಕೆಳಗಿಡಲು ಕೈ ಇಳಿಸಿದೆ.

"ತಾತಾ, ವೇಟ್!" ಎಂದಳು ಸೂಡಾನಿನ ಹುಡುಗಿ. ಕಿಟಕಿಯ ಕಡೆ ಕೈ ತೋರಿಸಿದಳು. ಪ್ಲಂಬರ್ ಕರಿ ಕೋಟು ಹಾಕಿಕೊಂಡು ಹೊರಗೆ ಮಳೆಯಲ್ಲಿ ನಿಂತಿದ್ದ. ಒಳಗೆ ಬರುವುದೋ ಬೇಡವೋ ಎಂಬಂತೆ ಬಾಗಿಲು ನೋಡುತ್ತಿದ್ದ. ನಾನು ಹೇಳುವ ಮೊದಲೇ ಅವಳು ಓಡಿಹೋಗಿ ಬಾಗಿಲು ಹಿಡಿದು ನಿಂತಳು. ಅವನು ತಲೆ ತಗ್ಗಿಸಿ ಒಳಗೆ ಬಂದ. ನನ್ನ ಮುಂದೆ ನಿಂತು, "ಇನ್ನೂ ಉಳಿದಿದೆಯಾ?" ಎಂದ.

"ಇದೆ. ಮಗಳಿಗೆ ಮನೆ ಸಿಕ್ತಾ?"

"ಇನ್ನೂ ಇಲ್ಲ. ಅವಳೂ, ಮಗುವೂ ಕಾರಿನಲ್ಲಿದ್ದಾರೆ."

"ಕರೀರಿ ಅವರನ್ನೂ," ಎಂದೆ. ನನ್ನ ಅಂಗಿಯ ತೋಳನ್ನು ಕೋಲಜ್ಜಿ ಕೊಟ್ಟ ರಬ್ಬರ್ ಬ್ಯಾಂಡಿನೊಳಕ್ಕೆ ಸರಿಮಾಡಿಕೊಂಡು, ಸೌಟನ್ನು ಮತ್ತೆ ಪಾತ್ರೆಯೊಳಗೆ ಇಳಿಸಿದೆ.